ಗಾಡಿ ಪ್ರಶ್ನೆ: ಸ್ಟಿಕ್ಕರ್ ಬಂತು, ಅಂಟು ಬರಲಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟಿಕ್ಕರ್ ಬಗ್ಗೆಯೇ ಇವೆ. ಮಳೆ ಬಿಡುತ್ತಾ ಬಂತಲ್ಲ, ಗಾಡಿ ತೊಳೆಯಲು ಹೋದವರ ಕಣ್ಣಿಗೆ ಬಾಗಿಲ ಮೇಲೆ ಅರ್ಧ ಎದ್ದ ರೇಡಿಯಂ, ಅದರ ಅಂಚಿಗೆ ಕೂತ ಪಾಚಿ ಎಲ್ಲ ಒಟ್ಟಿಗೆ ಕಂಡಿರಬೇಕು. ಗೇರ್‌ಬಾಕ್ಸ್, ಬ್ಯಾಟರಿ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ಕಾಯಿರಿ.

ಪ್ರಶ್ನೆ: ಅಣ್ಣಾ, ಮಾಂದಲ್‌ಪಟ್ಟಿಗೆ ಟೂರಿಸ್ಟ್‌ಗಳನ್ನು ಹತ್ತಿಸುತ್ತಿದ್ದ ಹಳೇ ಜೀಪೊಂದನ್ನು ತೋಟದ ಕೆಲಸಕ್ಕೆ ಅಂತ ತಗೊಂಡೆ. ಎರಡು ಬಾಗಿಲಿಗೂ ಬಾನೆಟ್ಟಿಗೂ ದೊಡ್ಡ ಗ್ರಾಫಿಕ್ಸ್ ಇದೆ. ಹೋಂಸ್ಟೇ ಹೆಸರು, ಫೋನ್ ನಂಬರು, ಒಂದು ಹುಲಿ ಬೇರೆ. ಈಗಲೂ ದಾರಿಯಲ್ಲಿ ಕೈ ಅಡ್ಡ ಹಾಕಿ ರೂಮ್ ಇದೆಯಾ ಅಂತ ಕೇಳುತ್ತಾರೆ. ಜುಲೈಯಲ್ಲಿ ಉಗುರು ಹಾಕಿ ಕಿತ್ತು ನೋಡಿದೆ. ಹಪ್ಪಳದ ಹಾಗೆ ಚೂರುಚೂರಾಗಿ ಬಂತು, ಅಂಟು ಮಾತ್ರ ಅಲ್ಲೇ ಉಳಿಯಿತು. ಬ್ಲೇಡು ಹಾಕಲಾ?
(ಮಡಿಕೇರಿ ಕಡೆಯ ಓದುಗರು)

ಉತ್ತರ: ಬ್ಲೇಡು ಬೇಡ. ಮೊದಲು ಅದನ್ನು ಒಳಗೆ ಎತ್ತಿಡಿ.

ನೀವು ಆರಿಸಿಕೊಂಡ ತಿಂಗಳೇ ಸರಿಯಿಲ್ಲ. ರೇಡಿಯಂ ಅಂಗಡಿಯವರು ಕತ್ತರಿಸಿ ಅಂಟಿಸುವುದು ಪಿವಿಸಿ ಹಾಳೆ. ಪಿವಿಸಿ ಮೂಲದಲ್ಲಿ ಗಟ್ಟಿ ವಸ್ತು, ನಿಮ್ಮ ತೋಟದ ನೀರಿನ ಪೈಪೂ ಅದರದ್ದೇ. ಅದನ್ನು ಮೆತ್ತಗೆ ಮಾಡುವುದಕ್ಕೆ ಪ್ಲಾಸ್ಟಿಸೈಸರ್ ಅಂತ ಎಣ್ಣೆಯಂಥ ಒಂದು ಪದಾರ್ಥ ಬೆರೆಸಿರುತ್ತಾರೆ. ವರ್ಷಗಟ್ಟಲೆ ಬಿಸಿಲು ಬಿದ್ದು ಆ ಪದಾರ್ಥ ಕಡಿಮೆಯಾದಾಗ ಹಾಳೆ ಮತ್ತೆ ಗಟ್ಟಿಯಾಗುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಕಡಿಮೆ ಬೆಲೆಯ ಹಾಳೆ, ಅಂದರೆ ರೋಲರ್‌ಗಳ ಮಧ್ಯೆ ಒತ್ತಿ ಮಾಡಿದ ಕ್ಯಾಲೆಂಡರ್ಡ್ ವಿನೈಲ್, ಸಾಮಾನ್ಯವಾಗಿ 3ರಿಂದ 5 ವರ್ಷದಲ್ಲಿ ಈ ಸ್ಥಿತಿಗೆ ಬರುತ್ತದೆ. ದ್ರವವಾಗಿ ಹುಯ್ದು ಒಣಗಿಸಿದ ಕಾಸ್ಟ್ ವಿನೈಲ್ ಇನ್ನೂ ಕೆಲವು ವರ್ಷ ಮೆತ್ತಗೇ ಇರುತ್ತದೆ, ಆದರೆ ಬೆಲೆ ಜಾಸ್ತಿ. ಬಾಡಿಗೆ ಜೀಪಿಗೆ ಅದನ್ನು ಯಾರು ಹಾಕಿಸುತ್ತಾರೆ ಹೇಳಿ.

ಇನ್ನು ಹಾಳೆಯ ಹಿಂದಿನ ಅಂಟು. ಅದು ಒತ್ತಿದರೆ ಹಿಡಿಯುವ ಜಾತಿಯ ಅಂಟು, ಹೆಚ್ಚಾಗಿ ಅಕ್ರಿಲಿಕ್. ಚಳಿಯಲ್ಲಿ ಬಿಗಿಯಾಗುತ್ತದೆ, ಬಿಸಿಯಲ್ಲಿ ಸಡಿಲವಾಗುತ್ತದೆ. ಮಡಿಕೇರಿಯ ಜುಲೈಯಲ್ಲಿ ತಗಡು ದಿನವಿಡೀ ತಣ್ಣಗೆ ಒದ್ದೆಯಾಗಿರುತ್ತದೆ. ಹಾಳೆ ಗಟ್ಟಿ, ಅಂಟು ಬಿಗಿ, ಮತ್ತೆ ಚೂರಾಗದೆ ಏನಾಗುತ್ತದೆ?

ನನ್ನ ಸಲಹೆ ಇಷ್ಟು. ಅವಸರ ಇಲ್ಲದಿದ್ದರೆ ಕಾಫಿ ಕೊಯ್ಲು ಮುಗಿದು ಹೂಮಳೆ ಬರುವುದರೊಳಗೆ ಒಂದು ಬಿಸಿಲಿನ ದಿನ ನೋಡಿಕೊಳ್ಳಿ. ಹಿಂದಿನ ದಿನವೇ ಗಾಡಿ ತೊಳೆದಿಡಿ. ಮಣ್ಣು ಉಳಿದಿದ್ದರೆ ಉಜ್ಜುವಾಗ ಅದೇ ಗೀರು ಹಾಕುತ್ತದೆ, ಅದರಲ್ಲೂ ನಮ್ಮ ಕೆಂಪು ಮಣ್ಣು. ಮಧ್ಯಾಹ್ನ ಒಂದೆರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿದರೆ ಅರ್ಧ ಕೆಲಸ ಸೂರ್ಯನೇ ಮಾಡಿಕೊಡುತ್ತಾನೆ. ಉಳಿದದ್ದಕ್ಕೆ ಹೇರ್ ಡ್ರೈಯರ್ ಸಾಕು. ಹೀಟ್ ಗನ್ ಇದ್ದರೆ ಬೇಗ ಆಗುತ್ತದೆ, ಆದರೆ ಅದು ಜೋಪಾನ ಕೇಳುವ ಸಾಮಾನು. ಜೋರಾಗಿ ಇಟ್ಟರೆ ಅದರ ಬಾಯಲ್ಲಿ 500 ಡಿಗ್ರಿ ದಾಟುತ್ತದೆ, ಒಂದೇ ಕಡೆ ಹಿಡಿದರೆ ಪೇಂಟ್ ಗುಳ್ಳೆ ಏಳುತ್ತದೆ. ಒಂದು ಗೇಣು ದೂರ ಇಟ್ಟು ಕೈ ಆಡಿಸುತ್ತಲೇ ಇರಿ. ಸ್ಟಿಕ್ಕರ್ ಮೇಲೆ ಬೆರಳಿಟ್ಟರೆ ಒಂದೆರಡು ಸೆಕೆಂಡ್ ತಡೆಯುವಷ್ಟು ಬಿಸಿ, ಸುಮಾರು 50ರಿಂದ 60 ಡಿಗ್ರಿ, ಅದಕ್ಕಿಂತ ಮೇಲೆ ಬೇಡ.

ಯಾಕೆ ಬೇಡ ಅಂದರೆ ಬಿಸಿ ಕಡಿಮೆಯಾದರೆ ಹಾಳೆ ಮುರಿಯುತ್ತದೆ, ಜಾಸ್ತಿಯಾದರೆ ಅಂಟು ಕರಗಿದಂತಾಗಿ ಹಾಳೆಯನ್ನು ಬಿಟ್ಟು ಪೇಂಟ್ ಮೇಲೇ ಉಳಿಯುತ್ತದೆ. ಇವೆರಡರ ಮಧ್ಯೆ ಹಾಳೆಯೂ ಅಂಟೂ ಜೊತೆಯಾಗಿ ಬರುವ ಒಂದು ಹದ ಇದೆ. ಅದು ನಿಮ್ಮ ಜೀಪಿಗೆ ಎಷ್ಟು ಅಂತ ಮೊದಲ ಅಕ್ಷರ ಕೀಳುವಾಗ ನಿಮಗೇ ಗೊತ್ತಾಗುತ್ತದೆ. ಹುಲಿಯಿಂದ ಶುರು ಮಾಡಬೇಡಿ, ಸಣ್ಣ ಅಕ್ಷರದಿಂದ ಮಾಡಿ.

ಒಂದು ಮೂಲೆಯನ್ನು ಉಗುರಿನಿಂದಲೋ ಹಳೇ ಎಟಿಎಂ ಕಾರ್ಡಿನಿಂದಲೋ ಎಬ್ಬಿಸಿ. ಎದ್ದ ಹಾಳೆಯನ್ನು ನಿಮ್ಮ ಕಡೆ ನೇರ ಎಳೆಯಬೇಡಿ, ಹಿಂದಕ್ಕೆ ಮಡಚಿ ತಗಡಿಗೆ ತಾಗಿದ ಹಾಗೇ ನಿಧಾನವಾಗಿ ಎಳೆಯಿರಿ. ನೇರ ಎಳೆದರೆ ಬಲವೆಲ್ಲ ಪೇಂಟ್ ಮೇಲೆ ಬೀಳುತ್ತದೆ. ಒಂದು ಕೈ ಎಳೆಯುತ್ತಿರಲಿ, ಇನ್ನೊಂದು ಕೈಯ ಡ್ರೈಯರ್ ಎಳೆಯುವ ಗೆರೆಗಿಂತ ಸ್ವಲ್ಪ ಮುಂದೆ ಓಡುತ್ತಿರಲಿ. ಎಳೆಯುವಾಗ ಹಾಳೆಯ ಹಿಂಬದಿಯಲ್ಲಿ ಪೇಂಟ್ ಕಂಡರೆ ಅಲ್ಲೇ ನಿಲ್ಲಿಸಿ. ಹಳೇ ಜೀಪುಗಳಿಗೆ ಊರಲ್ಲೇ ಬಣ್ಣ ಹೊಡೆಸಿರುತ್ತಾರೆ, ಒಳಗೆ ಸರಿಯಾಗಿ ಉಜ್ಜದೆ ಪ್ರೈಮರ್ ಕೊಡದೆ ಹೊಡೆದಿದ್ದರೆ ಸ್ಟಿಕ್ಕರ್ ಜೊತೆ ಪೇಂಟೂ ಎದ್ದು ಬರುತ್ತದೆ. ಅದಕ್ಕೆ ಯಾವ ಉಪಾಯವೂ ಇಲ್ಲ. ಅಂಥ ಜಾಗ ಬಿಟ್ಟು ಮುಂದೆ ಹೋಗಿ, ಆಮೇಲೆ ಹೇಗೂ ಟಚ್‌ಅಪ್ ಮಾಡಿಸಬೇಕು.

ಸ್ಟಿಕ್ಕರ್ ತೆಗೆದ ಮೇಲೆ ಅದರ ಅಂಚಿನ ಗೆರೆಗುಂಟ ಒಮ್ಮೆ ಕಣ್ಣು ಹಾಯಿಸಿ. ಕೆಲವರು ಹಾಳೆಯನ್ನು ಬಾಗಿಲ ಮೇಲೆ ಅಂಟಿಸಿ ಅಲ್ಲೇ ಬ್ಲೇಡಿನಿಂದ ಕತ್ತರಿಸುತ್ತಾರೆ. ಆ ಗೀರು ತಗಡಿನವರೆಗೂ ಹೋಗಿರುತ್ತದೆ. ನಮ್ಮ ಮಳೆಗೆ ನೀರು ಒಳಗೆ ನಿಂತು ಸಣ್ಣ ತುಕ್ಕಿನ ಗೆರೆ ಓಡಿರುತ್ತದೆ, ಸ್ಟಿಕ್ಕರ್ ಇರುವವರೆಗೆ ಕಾಣುವುದಿಲ್ಲ. ಕಂಡರೆ ತುಕ್ಕು ಉಜ್ಜಿ ಪ್ರೈಮರ್ ಹಚ್ಚಿಸಿ. ಅಂಟಿಗಿಂತ ಅದು ಮುಖ್ಯ.

ಕಿತ್ತ ಚೂರುಗಳನ್ನು ಬಚ್ಚಲೊಲೆಗೆ ಹಾಕಬೇಡಿ. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಕಣ್ಣು ಗಂಟಲು ಎಲ್ಲ ಉರಿಯುತ್ತದೆ. ಕವರಿಗೆ ತುಂಬಿ ಒಣ ಕಸಕ್ಕೆ ಕೊಡಿ.

ಅಂದ ಹಾಗೆ, ಹಳದಿ ಬೋರ್ಡನ್ನು ಬಿಳಿ ಮಾಡಿಸಿದ್ದೀರಿ ತಾನೆ? ಅದು ಆರ್‌ಟಿಒ ಕೆಲಸ, ಹುಲಿ ಕಿತ್ತ ಮಾತ್ರಕ್ಕೆ ಬಾಡಿಗೆ ಗಾಡಿ ಸ್ವಂತ ಗಾಡಿ ಆಗುವುದಿಲ್ಲ.

ಪ್ರಶ್ನೆ: ಸಾರ್, ನಮ್ಮ ಪಿಕಪ್‌ನ ಬಾಗಿಲಲ್ಲಿ ಉಳಿದಿದ್ದ ಅಂಟು ತೆಗೆಯಲು ಡ್ರೈವರ್ ಹುಡುಗ ಪೇಂಟ್ ಅಂಗಡಿಯಿಂದ ಥಿನ್ನರ್ ತಂದು ಉಜ್ಜಿದ. ಎಡ ಬಾಗಿಲು ಚೆನ್ನಾಗಿ ಬಂತು. ಬಲ ಬಾಗಿಲಲ್ಲಿ ಅಂಟಿನ ಜೊತೆ ಬಣ್ಣವೂ ಬಟ್ಟೆಗೆ ಬಂತು, ಆ ಜಾಗ ಈಗ ಮಂಕಾಗಿ ಜಿಗುಟಾಗಿದೆ. ಅದೇ ಗಾಡಿ, ಅದೇ ಥಿನ್ನರ್. ಯಾಕೆ ಹೀಗೆ?
(ಗೋಣಿಕೊಪ್ಪಲು)

ಉತ್ತರ: ಗಾಡಿ ಅದೇ, ಬಣ್ಣ ಅದಲ್ಲ. ನಿಮ್ಮ ಬಲ ಬಾಗಿಲು ಯಾವಾಗಲೋ ಟಿಂಕರಿಂಗ್ ಕಂಡಿದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದರೆ ಮಾರಿದವರು ಇದನ್ನು ಹೇಳಿರಲಿಕ್ಕಿಲ್ಲ.

ಕಂಪನಿ ಪೇಂಟನ್ನು ದೊಡ್ಡ ಓವನ್‌ನಲ್ಲಿ 140 ಡಿಗ್ರಿ ಆಸುಪಾಸು ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಥಿನ್ನರ್ ಒಂದು ಸಲ ತಾಗಿದರೆ ಸಾಮಾನ್ಯವಾಗಿ ತಡೆಯುತ್ತದೆ, ಹಾಗಂತ ತಿಕ್ಕುತ್ತಾ ಕೂತರೆ ಅದೂ ಮಂಕಾಗುತ್ತದೆ. ಹೊರಗೆ ಹೊಡೆಸುವ ಬಣ್ಣದಲ್ಲಿ ಹಾರ್ಡನರ್ ಬೆರೆಸಿದ್ದಾದರೆ ಪರವಾಗಿಲ್ಲ. ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟ್ ಅಂದರೆ ಥಿನ್ನರ್ ಆರಿಹೋಗಿ ಒಣಗುವ ಜಾತಿ. ಅದಕ್ಕೆ ಮತ್ತೆ ಥಿನ್ನರ್ ಕೊಟ್ಟರೆ ಮತ್ತೆ ಕರಗುತ್ತದೆ, ಎಷ್ಟು ವರ್ಷ ಆದರೂ ಸರಿ. ನಿಮ್ಮದು ಅದೇ ಇರಬೇಕು. ಇನಾಮಲ್ ಆಗಿದ್ದರೆ ಸುಕ್ಕುಗಟ್ಟಿ ಏಳುತ್ತಿತ್ತು. ಅನುಮಾನ ಇದ್ದರೆ ಬಾಗಿಲ ರಬ್ಬರ್ ಬೀಡಿಂಗ್ ಅಂಚು, ಹಿಂಜ್, ಲಾಕ್ ಹತ್ತಿರ ನೋಡಿ, ಬೇಡದ ಕಡೆ ಬಣ್ಣದ ಸಿಂಪಡಿಕೆ ಬಿದ್ದಿರುತ್ತದೆ.

ಈಗ ಮಾಡಬೇಕಾದ್ದು ಏನೂ ಇಲ್ಲ, ನಿಜವಾಗಿ ಏನೂ ಇಲ್ಲ. ಆ ಜಾಗ ಮುಟ್ಟದೆ, ಮೇಲೆ ಟಾರ್ಪಾಲ್ ಕವರ್ ಹಾಕದೆ, ಗಾಳಿಯಾಡುವ ಕಡೆ ನಿಲ್ಲಿಸಿ. ಜಿಗುಟು ಪೂರ್ತಿ ಹೋಗಿ ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾಗಲಿ. ಆಮೇಲೆ ನಯವಾದ ಪಾಲಿಶ್ ಹಾಕಿ ಕೈಯಲ್ಲೇ ಮೆಲ್ಲಗೆ ಉಜ್ಜಿದರೆ ಹೊಳಪು ಸ್ವಲ್ಪ ಮರಳಬಹುದು. ಒಳಗಿನ ಪ್ರೈಮರ್ ಕಾಣುತ್ತಿದ್ದರೆ ಮಾತ್ರ ಪೇಂಟರ್ ಹತ್ತಿರ ಹೋಗಿ.

ಇನ್ನು ಅಂಟು ತೆಗೆಯುವ ವಿಷಯ, ಇದು ಎಲ್ಲರಿಗೂ ಹೇಳುತ್ತಿದ್ದೇನೆ. ಮೆತ್ತಗಿನದರಿಂದ ಶುರು ಮಾಡಿ ಖಾರದ್ದಕ್ಕೆ ಹೋಗಬೇಕು, ನಮ್ಮವರು ಮೊದಲೇ ಥಿನ್ನರ್ ಡಬ್ಬ ತೆಗೆಯುತ್ತಾರೆ. ಮೊದಲು ಶಾಂಪೂ ಹಾಕಿದ ಬಿಸಿನೀರು. ಹೋಗಲಿಲ್ಲವಾ, ನೀಲಗಿರಿ ಎಣ್ಣೆ. ಮಡಿಕೇರಿಯ ಮಸಾಲೆ ಅಂಗಡಿಗಳಲ್ಲೂ ಸಿಗುತ್ತದೆ, ಅಂಟಿಗೆ ಒಳ್ಳೆ ಮದ್ದು. ಅಷ್ಟು ದೊಡ್ಡ ಬಾಗಿಲಿಗೆಲ್ಲ ಅದು ದುಬಾರಿ ಅನ್ನಿಸಿದರೆ ಸೀಮೆಎಣ್ಣೆ ಅಥವಾ ಟರ್ಪೆಂಟೈನ್. ಯಾವುದೇ ಆಗಲಿ, ಮೊದಲು ಬಾಗಿಲ ಒಳ ಅಂಚಿನಲ್ಲಿ, ಕಾಣದ ಕಡೆ, ಒಂದು ತೊಟ್ಟು ಹಚ್ಚಿ ಐದು ನಿಮಿಷ ಬಿಟ್ಟು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಣ್ಣ ಬಂದರೆ ಅದು ನಿಮ್ಮ ಗಾಡಿಗಲ್ಲ. ಉಗುರು ಬಣ್ಣ ತೆಗೆಯುವ ರಿಮೂವರ್ ಬೇಡವೇ ಬೇಡ, ಅದರಲ್ಲಿ ಹೆಚ್ಚಾಗಿ ಅಸಿಟೋನ್ ಇರುತ್ತದೆ, ಪೇಂಟಿಗೂ ಲೈಟಿನ ಪ್ಲಾಸ್ಟಿಕ್ಕಿಗೂ ಕೇಡು. ಪೆಟ್ರೋಲೂ ಬೇಡ. ಕೆಲಸ ಆಗುತ್ತದೆ, ನಿಜ, ಆದರೆ ಅದರ ಆವಿ ನೆಲದುದ್ದಕ್ಕೂ ಹರಿದು ಎಲ್ಲೋ ಇರುವ ಬೆಂಕಿಯನ್ನು ಹುಡುಕಿಕೊಂಡು ಹೋಗುತ್ತದೆ.

ಉಜ್ಜುವುದಕ್ಕಿಂತ ನೆನೆಸುವುದು ಮುಖ್ಯ. ಬನಿಯನ್ ಬಟ್ಟೆಯನ್ನು ಅದ್ದಿ ಅಂಟಿನ ಮೇಲೆ ಹರಡಿ, ಆರದ ಹಾಗೆ ಮೇಲೊಂದು ಪ್ಲಾಸ್ಟಿಕ್ ಕವರ್ ಮುಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ಕಾರ್ಡಿನ ಅಂಚಿನಿಂದ ತಳ್ಳಿದರೆ ಅಂಟು ಸುರುಳಿ ಸುತ್ತಿಕೊಂಡು ಬರುತ್ತದೆ. ಬಟ್ಟೆಯ ಮುಖ ಬದಲಿಸುತ್ತಾ ಇರಿ, ಇಲ್ಲದಿದ್ದರೆ ಇಲ್ಲಿಂದ ತೆಗೆದ ಅಂಟನ್ನು ಅಲ್ಲಿಗೆ ಹಚ್ಚಿದಂತೆ. ಕೊನೆಗೆ ಶಾಂಪೂ ನೀರಿನಲ್ಲಿ ತೊಳೆದು, ಎಣ್ಣೆ ಜಿಡ್ಡಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಒರೆಸಿ, ಒಂದು ಕೋಟ್ ವ್ಯಾಕ್ಸ್. ಆದರೆ ನಿಮ್ಮ ಬಲ ಬಾಗಿಲಿಗೆ ಆಲ್ಕೊಹಾಲ್ ಕೂಡ ತಾಗಿಸಬೇಡಿ.

ಒಂದು ಎಚ್ಚರಿಕೆ: ಹೀಟ್ ಗನ್ ಮತ್ತು ಈ ಎಣ್ಣೆಗಳು ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇರಬಾರದು. ಬಿಸಿ ಮಾಡುವ ಕೆಲಸ ಪೂರ್ತಿ ಮುಗಿಸಿ, ಪ್ಲಗ್ ತೆಗೆದು, ಆಮೇಲೆ ಬಾಟಲಿ ಮುಚ್ಚಳ ತೆರೆಯಿರಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಮಾಡಬೇಡಿ. ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯದೆ ಹೊರಗೆ ಹರಡಿ ಒಣಗಿಸಿ. ತೋಡಿನಲ್ಲಿ ತೊಳೆಯಬೇಡಿ, ಅದು ಹೋಗಿ ಸೇರುವುದು ಎಲ್ಲಿಗೆ ಅಂತ ಕೊಡಗಿನವರಿಗೆ ಹೇಳಬೇಕಾ.

ಪ್ರಶ್ನೆ: ಕಿತ್ತಳೆ ಸಿಪ್ಪೆ ಉಜ್ಜಿದರೆ ಸ್ಟಿಕ್ಕರ್ ಗಮ್ ಹೋಗುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಾರೆ. ನಿಜವಾ, ಸುಮ್ನೆಯಾ?
(ಸಿದ್ದಾಪುರ)

ಉತ್ತರ: ಅತ್ತೆ ಹೇಳಿದ್ದರಲ್ಲಿ ಸತ್ಯ ಇದೆ. ಸಿಪ್ಪೆಯ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಲಿಮೊನೀನ್, ಅಂಗಡಿಯಲ್ಲಿ ಸಿಗುವ ಹಲವು ಸ್ಟಿಕ್ಕರ್ ರಿಮೂವರ್‌ಗಳಲ್ಲಿ ಇರುವುದೂ ಅದೇ. ಆದರೆ ಒಂದು ಸಿಪ್ಪೆ ಹಿಂಡಿದರೆ ಎಷ್ಟು ಎಣ್ಣೆ ಬಂದೀತು? ಉಪ್ಪಿನಕಾಯಿ ಬಾಟಲಿಯ ಲೇಬಲ್‌ಗೆ ಸಾಕು, ಕಾರಿನ ಬಾಗಿಲಿಗೆ ಸಾಲದು. ಜಿಐ ಟ್ಯಾಗ್ ಇರುವ ಕೊಡಗಿನ ಕಿತ್ತಳೆಯೇ ಈಗ ಅಪರೂಪ. ಸಿಕ್ಕಿದರೆ ತಿನ್ನಿ, ಗಾಡಿಗೆ ಬಾಟಲಿ ತನ್ನಿ.

ಪ್ರಶ್ನೆ: ನಾನು ತಗೊಂಡ ಕೆಂಪು ಕಾರಿನ ಹಿಂದೆ ಹಿಂದಿನವರು ಅವರ ಒಕ್ಕದ (ಕೊಡವ ಮನೆತನದ) ಹೆಸರು, ಜೊತೆಗೆ ಒಕ್ಕಗಳು ಸೇರಿ ಆಡುವ ಹಾಕಿ ಹಬ್ಬದ ಸ್ಟಿಕ್ಕರ್ ಅಂಟಿಸಿದ್ದರು. ಎರಡನ್ನೂ ನೀಟಾಗಿ ತೆಗೆಸಿದೆ, ಒಂಚೂರು ಅಂಟೂ ಇಲ್ಲ. ಆದರೂ ಬಿಸಿಲಲ್ಲಿ ಹೆಸರು ಹಾಗೇ ಓದಬಹುದು. ಮದುವೆ ಮನೆಗೆ ಹೋದರೆ ನನ್ನನ್ನು ಆ ಒಕ್ಕದವನೇ ಅಂದುಕೊಳ್ಳುತ್ತಾರೆ.
(ವಿರಾಜಪೇಟೆ)

ಉತ್ತರ: ಅದು ಅಂಟಲ್ಲ, ಬಣ್ಣದ ವ್ಯತ್ಯಾಸ. ಸ್ಟಿಕ್ಕರ್ ಕೆಳಗಿನ ಪೇಂಟ್ ಬಿಸಿಲು ಕಾಣದೆ ಹೊಸದರ ಹಾಗೇ ಉಳಿದಿದೆ, ಸುತ್ತಲಿನದು ಮಾಸಿದೆ. ಕೆಂಪಿನಲ್ಲಿ ಇದು ಬೇಗ ಎದ್ದು ಕಾಣುತ್ತದೆ. ಅಂದರೆ ಸರಿ ಮಾಡಬೇಕಾದ್ದು ಅಕ್ಷರವನ್ನಲ್ಲ, ಸುತ್ತಲಿನ ಜಾಗವನ್ನು. ಅಕ್ಷರದ ಮೇಲೆ ಎಷ್ಟು ತಿಕ್ಕಿದರೂ ಅದು ಇನ್ನಷ್ಟು ಹೊಳೆಯುತ್ತದೆ, ಅಷ್ಟೇ.

ಡಿಕ್ಕಿ ಬಾಗಿಲು ಇಡಿಯಾಗಿ ರಬ್ಬಿಂಗ್ ಕಾಂಪೌಂಡ್ ಹಾಕಿ, ಆಮೇಲೆ ಪಾಲಿಶ್ ಮಾಡಿಸಿ. ಮೇಲಿನ ಮಾಸಿದ ಪದರ ಹೋದರೆ ವ್ಯತ್ಯಾಸ ತುಂಬಾ ತಗ್ಗುತ್ತದೆ. ಆದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಇರುವುದು ಸುಮಾರು 40ರಿಂದ 50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಪದೇ ಪದೇ ಮಷೀನ್ ಇಡಿಸಿದರೆ ಅದೇ ಖಾಲಿಯಾಗುತ್ತದೆ. ಒಂದು ಸಲ ಚೆನ್ನಾಗಿ ಮಾಡಿಸಿ ಎಷ್ಟು ಬಂತೋ ಅಷ್ಟಕ್ಕೆ ಬಿಡಿ. ಕೆಳಗಿನ ಬಣ್ಣವೇ ಮಾಸಿದ್ದರೆ ಆ ಪ್ಯಾನೆಲ್‌ಗೆ ಪೇಂಟ್ ಒಂದೇ ದಾರಿ. ಇಲ್ಲವೇ ಅದರ ಮೇಲೆ ನಿಮ್ಮ ಒಕ್ಕದ ಹೆಸರು ಹಾಕಿಸಿ, ಅಕ್ಷರ ಸ್ವಲ್ಪ ದೊಡ್ಡದಿರಲಿ!

ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ಒಂದೊಂದು ಸಲ ಒಂದೊಂದು ಒಕ್ಕ ನಡೆಸಿಕೊಂಡು ಬಂದಿದೆ. ಸ್ಟಿಕ್ಕರೂ ಹಾಗೇ ಬದಲಾಗಬೇಕು. ಹಬ್ಬ ಮುಗಿದ ಮೇಲೆ ಮಳೆಗಾಲಕ್ಕೆ ಮುಂಚೆ ತೆಗೆದರೆ ಹಾಳೆ ಇಡಿಯಾಗಿ ಬರುತ್ತದೆ, ಗುರುತೂ ಉಳಿಯುವುದಿಲ್ಲ. ಹತ್ತು ವರ್ಷದ ಹಬ್ಬವನ್ನೆಲ್ಲ ಡಿಕ್ಕಿ ಮೇಲೆ ಸಾಲಾಗಿ ಇಟ್ಟುಕೊಂಡವರಿಗೆ ನಾನು ಏನೂ ಹೇಳುವುದಿಲ್ಲ, ಅವರು ಕೀಳುವವರಲ್ಲ.

ಪ್ರಶ್ನೆ: ಶುಂಠಿ, ಕಾಫಿ ಲೋಡಿನ ಗೂಡ್ಸ್ ಗಾಡಿ ಇದೆ. ಹಳೇ ಓನರ್ ಹಾಕಿಸಿದ ಹೆಸರು, ಪಟ್ಟಿ, ರೇಡಿಯಂ ಎಲ್ಲ ಕಿತ್ತು ಪ್ಲೇನ್ ಮಾಡಬೇಕು ಅಂತಿದ್ದೇನೆ.
(ಕುಶಾಲನಗರ)

ಉತ್ತರ: ಹೆಸರು ಕೀಳಿ, ಪಟ್ಟಿ ಕೀಳಿ. ಆದರೆ ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಬಣ್ಣದ ಮಿನುಗುವ ಟೇಪ್ ಇದೆಯಲ್ಲ, ಅದು ಅಲಂಕಾರವಲ್ಲ, ಕಾನೂನಿನ ಪ್ರಕಾರ ಇರಲೇಬೇಕಾದ್ದು. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ಮೊದಲು ನೋಡುವ ವಸ್ತುಗಳಲ್ಲಿ ಅದೂ ಒಂದು. ಅದಕ್ಕಿಂತ ಹೆಚ್ಚಾಗಿ, ಆನೆಕಾಡು ದಾಟಿ ಮೇಲೆ ಹತ್ತುವಾಗ ಮಂಜಿನಲ್ಲಿ ನಿಮ್ಮ ಹಿಂದೆ ಬರುವವನಿಗೆ ಕಾಣುವುದು ಅದೊಂದೇ. ಹಳತಾಗಿ ಮಂಕಾಗಿದ್ದರೆ ಕಿತ್ತು ಅದೇ ದಿನ ಹೊಸದು ಹಾಕಿಸಿ. ಈ ಟೇಪ್ ಹಲವು ಪದರದ್ದು, ಮೇಲಿನದು ಬಂದು ಕೆಳಗಿನದು ಉಳಿಯುತ್ತದೆ, ಬಿಸಿ ಮತ್ತು ತಾಳ್ಮೆ ಎರಡೂ ಜಾಸ್ತಿ ಬೇಕು.

ಪ್ರಶ್ನೆ: ಮುಂದಿನ ಗಾಜಲ್ಲಿ ಹಳೇ ಫಾಸ್ಟ್ಯಾಗ್, ಹಿಂದಿನ ಗಾಜಲ್ಲಿ ದೇವರ ಹೆಸರು. ಗಾಜಿಗೆ ಬ್ಲೇಡು ಹಾಕಬಹುದು ತಾನೆ?
(ಸೋಮವಾರಪೇಟೆ)

ಉತ್ತರ: ಮುಂದಿನದಕ್ಕೆ ಹಾಕಬಹುದು, ಸೋಪಿನ ನೀರು ಹಚ್ಚಿಕೊಂಡು, ಬ್ಲೇಡನ್ನು ಗಾಜಿಗೆ ಆದಷ್ಟು ಮಲಗಿಸಿ, ಒಂದೇ ದಿಕ್ಕಿಗೆ. ಫಾಸ್ಟ್ಯಾಗ್ ಕಿತ್ತರೆ ಅದು ಮತ್ತೆ ಕೆಲಸಕ್ಕೆ ಬರುವುದಿಲ್ಲ, ಆ ಖಾತೆ ಮುಚ್ಚಿದೆಯಾ ಅಂತ ನೋಡಿಕೊಂಡು ಕೀಳಿ. ಹಿಂದಿನ ಗಾಜಿನ ಒಳಗೆ ಅಡ್ಡಡ್ಡ ಕಂದು ಗೆರೆಗಳಿದ್ದರೆ ಅದು ಮಂಜು ಓಡಿಸುವ ಡೀಫಾಗರ್. ಆ ಕಡೆಗೆ ಬ್ಲೇಡು ಹೋಗಲೇಬಾರದು, ಒಂದು ಗೆರೆ ತುಂಡಾದರೆ ಅಷ್ಟು ಉದ್ದ ಸತ್ತ ಹಾಗೆ. ಹೆಸರು ಗಾಜಿನ ಹೊರಗಿದ್ದರೆ ಚಿಂತೆಯಿಲ್ಲ. ಇನ್ನೊಂದು, ಬೆಳಗಿನ ಚಳಿಯಲ್ಲಿ ತಣ್ಣಗಿನ ಗಾಜಿಗೆ ಕುದಿಯುವ ನೀರು ಹುಯ್ಯಬೇಡಿ, ಬಿರುಕು ಬಿಡುತ್ತದೆ.

ಪ್ರಶ್ನೆ: ಬೈಕ್ ಟ್ಯಾಂಕಿನ ಕಂಪನಿ ಸ್ಟಿಕ್ಕರ್ ಎಷ್ಟು ಬಿಸಿ ಮಾಡಿದರೂ ಏಳುತ್ತಿಲ್ಲ.
(ಪೊನ್ನಂಪೇಟೆ)

ಉತ್ತರ: ಮೊದಲನೆಯದಾಗಿ, ಪೆಟ್ರೋಲ್ ಇರುವ ಟ್ಯಾಂಕಿಗೆ ಹೀಟ್ ಗನ್ ಹಿಡಿಯಬೇಡಿ. ಎರಡನೆಯದು, ಸ್ಟಿಕ್ಕರ್ ಅಂಚಿಗೆ ಅಡ್ಡಲಾಗಿ ಉಗುರು ಓಡಿಸಿ. ತಡೆದರೆ ಅದು ಮೇಲೆ ಅಂಟಿಸಿದ್ದು, ಬಿಸಿ ನೀರಿನ ಬಟ್ಟೆ ಇಟ್ಟರೆ ಬರುತ್ತದೆ. ಉಗುರು ಎಲ್ಲೂ ತಡೆಯದೆ ಜಾರಿದರೆ ಕಂಪನಿಯವರು ಸ್ಟಿಕ್ಕರ್ ಹಾಕಿ ಅದರ ಮೇಲೆ ಕ್ಲಿಯರ್ ಕೋಟ್ ಹೊಡೆದಿದ್ದಾರೆ. ಅದನ್ನು ತೆಗೆಯುವುದು ಅಂದರೆ ಟ್ಯಾಂಕ್ ಉಜ್ಜಿ ಹೊಸದಾಗಿ ಬಣ್ಣ ಹೊಡೆಯುವುದು.

ಪ್ರಶ್ನೆ: ವಾಟರ್ ಸರ್ವಿಸ್‌ನ ಪ್ರೆಷರ್ ಗನ್ ಹಿಡಿದರೆ ಸ್ಟಿಕ್ಕರ್ ಹಾರಿಹೋಗುವುದಿಲ್ಲವಾ?
(ಸುಂಟಿಕೊಪ್ಪ)

ಉತ್ತರ: ಹೋಗುತ್ತದೆ, ಅಂಚು ಎದ್ದ ಭಾಗ ಮಾತ್ರ, ಒಂದೊಂದು ಸಲ ಪೇಂಟಿನ ಚಕ್ಕೆಯನ್ನೂ ಜೊತೆಗೆ ಕರಕೊಂಡು. ಅಂಟು ಅಲ್ಲೇ ಇರುತ್ತದೆ. ಬೇಕಾದ ಸ್ಟಿಕ್ಕರ್ ಉಳಿಸಿಕೊಳ್ಳುವವರೂ ಇದನ್ನು ಓದಿ: ಗನ್ನನ್ನು ಅಂಚಿನ ಕಡೆಯಿಂದ ಹಿಡಿಯಬೇಡ, ಎದುರಿಂದ ದೂರ ನಿಂತು ಹಿಡಿ ಅಂತ ಸರ್ವಿಸ್ ಹುಡುಗನಿಗೆ ಮೊದಲೇ ಹೇಳಿ.